ಬಿಟ್ಟದ್ದು, ಬಿಡಿಸಿದ್ದು



ಹೋದ ವರ್ಷ ಎಂಟನೇ ಇಯತ್ತೆಯ ಹುಡುಗಿಯೊಬ್ಬಳು ಖೊಖೊ ತಂಡಕ್ಕೆ ಬರುವುದನ್ನು ನಿಲ್ಲಿಸಿದಳು. ಚಿಗರಿಯ ಹಾಗೆ ಓಡುತ್ತಿದ್ದವಳು. ಯಾಕವ್ವಾ ಎಂದು ಕೇಳಿದರೆ ನೆಲ ನೋಡುತ್ತ “ಬಿಟ್ಟೀನ್ರಿ ಅಕ್ಕೋರ” ಅಂದಳು. ನಾನು “ಛಲೋ ಆತು, ಇನ್ನ ಓದಿನ ಕಡೆ ಲಕ್ಷ್ಯ ಕೊಡು” ಅಂದೆ. ಆ ವಾರ ನಮ್ಮ ಬಳಗದಲ್ಲಿ ತೃಷ್ಣೆಯ ಪಾಠ ನಡೆದಿತ್ತು. ಬಿಡುವುದೇ ದೊಡ್ಡದು ಎಂಬ ಮಾತು ತಲೆಯಲ್ಲಿ ತುಂಬಿಕೊಂಡಿತ್ತು. ಅವಳು ಬಿಟ್ಟಳೋ, ಯಾರಾದರೂ ಬಿಡಿಸಿದರೋ ಎಂದು ನಾನು ಕೇಳಲೇ ಇಲ್ಲ.

ಮೊನ್ನೆ ರಾತ್ರಿ ಪುರ್ತಗೇರಿಯ ಮನೆಯಲ್ಲಿ ಕೂತು ಅನಿತಾ ಪಾಲ್‌ದುರೈ ಅವರ ಬಗ್ಗೆ ಓದುವಾಗ ಇದು ನೆನಪಾಯಿತು. ಅವರು ಚೆನ್ನೈನವರು. 2000ರಿಂದ 2017ರವರೆಗೆ ಭಾರತದ ಮಹಿಳಾ ಬಾಸ್ಕೆಟ್‌ಬಾಲ್ ತಂಡಕ್ಕೆ ಆಡಿದರು. 19ನೇ ವಯಸ್ಸಿಗೇ ನಾಯಕಿಯಾದರು. ದಕ್ಷಿಣ ರೈಲ್ವೆಯಲ್ಲಿ ನೌಕರಿ. ಈ ನೌಕರಿಯ ಮಾತನ್ನು ಹಾರಿಸಿ ಓದಬೇಡಿ. ತಿಂಗಳ ಪಗಾರ ತರುವ ಹೆಣ್ಣುಮಗಳಿಗೆ “ಆಟ ಸಾಕು” ಅನ್ನುವುದು ಮನೆಯವರಿಗೆ ಅಷ್ಟು ಸುಲಭವಲ್ಲ. ತಾಯಿಯಾದ ಮೇಲೂ ಅವರು ಅಂಗಣಕ್ಕೆ ಮರಳಿದರು. 2017ರ ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲೇ ಏಷ್ಯಾ ಕಪ್ ಬಿ ವಿಭಾಗದ ಪಂದ್ಯಗಳು ನಡೆದವು. ಫೈನಲ್‌ನಲ್ಲಿ ಭಾರತ ಕಝಾಕಿಸ್ತಾನವನ್ನು 75-73ರಿಂದ ಸೋಲಿಸಿ ಎ ವಿಭಾಗಕ್ಕೆ ಏರಿತು. ಬರೀ ಎರಡು ಅಂಕ! ಆ ತಂಡದಲ್ಲಿ ಅನಿತಾ ಇದ್ದರು. ಅದೇ ವರ್ಷ ದೇಶದ ತಂಡದ ಆಟ ಮುಗಿಸಿದರು. 2021ರಲ್ಲಿ ಪದ್ಮಶ್ರೀ ಬಂತು.

ಹದಿನೆಂಟು ವರ್ಷ ಆಡಿ ನಿಲ್ಲಿಸಿದವರನ್ನು ನಿವೃತ್ತ ಆಟಗಾರ್ತಿ ಅನ್ನುತ್ತೇವೆ. ನಮ್ಮ ಕಡೆ ಹದಿಮೂರಕ್ಕೇ ನಿವೃತ್ತರಾದವರು ಓಣಿ ಓಣಿಗೆ ಇದ್ದಾರೆ. ಅವರಿಗೆ ಆ ಶಬ್ದವೂ ಸಿಗುವುದಿಲ್ಲ.

ದೇಹ ಅನಿತ್ಯ, ನಿಜ. ಆಟಗಾರ್ತಿಯ ಮೊಣಕಾಲು ಅದನ್ನು ನಮಗಿಂತ ಮೊದಲೇ ಕಲಿತಿರುತ್ತದೆ. ಥೇರಿಗಾಥೆಯಲ್ಲಿ ಅಂಬಪಾಲಿ ಥೇರಿ ತಮ್ಮ ಕೂದಲು, ಕಣ್ಣು, ಹಲ್ಲು, ತೋಳು, ಪಾದ ಒಂದೊಂದನ್ನೇ ನೋಡಿ ಮುಪ್ಪನ್ನು ಹೇಳುತ್ತಾರೆ. ಆದರೆ ಅದು ಆ ದೇಹದಲ್ಲಿ ತುಂಬು ಬದುಕು ಬದುಕಿದವರ ಮಾತು. ಅವರದೇ ಇನ್ನೊಂದು ಕಥೆ ನಿಮಗೆ ಗೊತ್ತಿದೆ. ಬುದ್ಧರನ್ನು ಅವರು ಊಟಕ್ಕೆ ಕರೆದಿದ್ದರು. ಆ ಊಟವನ್ನು ನಮಗೆ ಬಿಟ್ಟುಕೊಡು, ಲಕ್ಷ ಕೊಡುತ್ತೇವೆ ಎಂದು ಲಿಚ್ಛವಿಗಳು ದಾರಿಯಲ್ಲಿ ಕೇಳಿದರು. ಇಡೀ ವೈಶಾಲಿಯನ್ನೇ ಕೊಟ್ಟರೂ ಬಿಡುವುದಿಲ್ಲ ಎಂದರು ಅಂಬಪಾಲಿ. ಅದೇ ಹೆಣ್ಣುಮಗಳು ಊಟದ ನಂತರ ತಮ್ಮ ಮಾವಿನ ತೋಪನ್ನೇ ಸಂಘಕ್ಕೆ ಕೊಟ್ಟರು. ಕೇಳಿದವರಿಗೆ ಬಿಡಲಿಲ್ಲ, ಯಾರೂ ಕೇಳದಿದ್ದದ್ದನ್ನು ಕೊಟ್ಟರು. ತೋಪು ಅವರದಾಗಿತ್ತು, ಅದಕ್ಕೇ ಅದು ದಾನವಾಯಿತು.

ಬಳಗದಲ್ಲಿ ಯಾರಾದರೂ ಕೇಳಬಹುದು: ಪದಕ, ಚಪ್ಪಾಳೆಗೆ ಅಂಟಿಕೊಳ್ಳುವುದೂ ತೃಷ್ಣೆಯಲ್ಲವೇ? ಹೌದು. ವಯಸ್ಸಾದರೂ ಅಂಗಣ ಬಿಡಲಾರದೆ ಒದ್ದಾಡುವವರೂ ಇದ್ದಾರೆ, ಅವರಿಗೆ ಆ ಪಾಠ ಬೇಕು. ನನ್ನ ತಕರಾರು ಬೇರೆ. ಈ ಪಾಠವನ್ನು ನಾವು ಕೈಯಲ್ಲಿ ಏನೂ ಇಲ್ಲದವರಿಗೇ ಮೊದಲು ಹೇಳುತ್ತೇವೆ. ಇದ್ದುದರಲ್ಲಿ ತೃಪ್ತಿಪಡು ಎಂದು ನಮ್ಮ ಅಜ್ಜ ಮುತ್ತಜ್ಜರಿಗೆ ಹೇಳಿದ್ದೂ ಹೀಗೇ. ಕೆರೆಯ ನೀರನ್ನು ಅವರೇನು ತ್ಯಾಗ ಮಾಡಿರಲಿಲ್ಲ. 1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ ಕೆರೆಗೆ ಇಳಿದು ಆ ನೀರು ಕುಡಿದರು. ಬುದ್ಧರು ಬಡತನವನ್ನು ಎಂದೂ ಭಾಗ್ಯವೆಂದು ಕರೆಯಲಿಲ್ಲ ಎಂದು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಬರೆದವರೂ ಅವರೇ. ಇಷ್ಟೆಲ್ಲ ಓದಿದ ನಾನು ಆ ಹುಡುಗಿಗೆ ಛಲೋ ಆತು ಅಂದೆ.

ಕಳೆದ ವಾರ ಗಜೇಂದ್ರಗಡದ ಬಸ್ಸಿನಲ್ಲಿ ಅವಳ ತಾಯಿ ಸಿಕ್ಕಿದ್ದರು. ಈ ಸಲ ಕೇಳಿದೆ. “ದೊಡ್ಡಾಕಿ ಆದ್ಲಲ್ರಿ ಅಕ್ಕೋರ, ಅವರಪ್ಪ ಬ್ಯಾಡಂದ್ರು. ಎರಡು ದಿನ ಉಂಡಿದ್ದಿಲ್ರಿ ಅಕಿ” ಅಂದರು. ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿ, “ನೀವೊಮ್ಮೆ ಬಂದು ಅವರಪ್ಪಗ ಹೇಳ್ರಿ” ಅಂದರು.

ನಾಳೆ ಸಂಜೆ ಹೋಗುವವಳಿದ್ದೇನೆ. ಅಪ್ಪನ ಜೊತೆ ಮಾತು ಆಮೇಲೆ. ಮೊದಲು ಹುಡುಗಿಯನ್ನು ಕರೆದು, ಅವತ್ತು ನಾನಂದ ಮಾತನ್ನು ವಾಪಸ್ ತೆಗೆದುಕೊಳ್ಳಬೇಕು.

ಜೈ ಭೀಮ್.