ಕುಡುಕನ ದುಃಖ ಹಾಡಬಹುದೇನು?

ಕುಡುಕನ ದುಃಖವನ್ನು ಹಾಡಿದರೆ ಕುಡಿತವನ್ನು ಹೊಗಳಿದಂಗ ಆಗತೈತೇನು? ಭಜನೆ, ಲಾವಣಿ ಹಾಡುವ ನನಗೆ ಈ ಪ್ರಶ್ನೆ ಭಾಳ ದಿನದ್ದು. ಅರ್ಜೆಂಟೀನಾ ದೇಶದ ಟ್ಯಾಂಗೋ ಹಾಡುಗಳ ಅರ್ಥ ಮಾಸ್ತರರ ಕಡೆಯಿಂದ ತಿಳಿದ ಮೇಲೆ ಅದು ಇನ್ನೂ ಗಟ್ಟಿಯಾಯಿತು.

ಟ್ಯಾಂಗೋ ಬ್ಯೂನಸ್ ಐರಿಸ್ ಪಟ್ಟಣದಾಗ ಬೆಳೆದದ್ದು. ಇಟಲಿ, ಸ್ಪೇನ್‌ನಿಂದ ಹೊಟ್ಟೆಪಾಡಿಗೆ ಬಂದವರು ಅಲ್ಲಿ ತುಂಬಿದ್ದರು. ಅವರಲ್ಲಿ ಗಂಡಸರೇ ಹೆಚ್ಚು. ನಮ್ಮ ಪೇಟಿಯಂಗ ತಿದಿ ಇರುವ, ಎರಡೂ ಕೈಯಾಗ ಹಿಡಿದು ಬಾರಿಸುವ ಬ್ಯಾಂಡೋನಿಯನ್ ಅವರ ವಾದ್ಯ. 1917ರಲ್ಲಿ ಕಾರ್ಲೋಸ್ ಗಾರ್ಡೆಲ್ ಎಂಬ ಗಾಯಕ ‘ಮಿ ನೋಚೆ ತ್ರಿಸ್ತೆ’, ಅಂದರೆ ‘ನನ್ನ ದುಃಖದ ರಾತ್ರಿ’ ಹಾಡಿದ. ಬರೆದವ ಪಾಸ್ಕುವಲ್ ಕೊಂತುರ್ಸಿ. ಹೆಣ್ಣು ಬಿಟ್ಟುಹೋಗ್ಯಾಳ, ಆಕೆಯನ್ನು ಮರೆಯಲಿಕ್ಕೆ ಅವ ಕುಡಿತಾನ. ಆದರೆ ಹಾಡಿನ ತುಂಬ ನೆನಪೇ: ಆಕೆ ಇದ್ದ ಖೋಲಿ, ಯಾರೂ ಮುಟ್ಟದ ಗಿಟಾರು, ಬೆಳಗಲು ಒಲ್ಲೆ ಅನ್ನುವ ದೀಪ. ಮರೆಯಲು ಕುಡಿದವ ಒಂದನ್ನೂ ಮರೆತಿಲ್ಲ. ಸೆರೆಯಿಂದ ಏನೂ ಆಗಲಿಲ್ಲ ಅಂತ ಅವನ ಬಾಯಿಂದಲೇ ಬಂದಂಗಾತು.

1943ರಲ್ಲಿ ಅಲ್ಲಿ ಮಿಲಿಟರಿ ಸರಕಾರ ಬಂತು. ಕುಡಿತದ ಮಾತು ರೇಡಿಯೋದಾಗ ಬ್ಯಾಡ ಅಂದರು. ‘ಲೋಸ್ ಮಾರೆಯಾದೋಸ್’, ಅಂದರೆ ‘ಅಮಲೇರಿದವರು’ ಎಂಬ ಹಾಡಿನ ಹೆಸರನ್ನೇ ಬದಲಿಸಬೇಕಾತು. ಹೆಸರು ತಿದ್ದಿದರೆ ಕುಡಿಯುವವನ ಕೈ ನಿಲ್ಲೂದಿಲ್ಲ.

ಹಂಗಂತ ಎಲ್ಲಾ ಹಾಡು ಸರಿ ಅನ್ನಲಾರೆ. 1931ರ ‘ತೋಮೋ ಈ ಒಬ್ಲಿಗೋ’ದಾಗ ಒಬ್ಬವ ತಾನೂ ಕುಡಿತಾನ, ಜೋಡಿದವಗೂ ಕುಡಿಸತಾನ, ಕಡೀಗೆ ಗಂಡಸು ಅಳಬಾರದು ಅಂತ ಬುದ್ಧಿ ಹೇಳತಾನ. ನನ್ನ ತಕರಾರು ಇಲ್ಲೇ. ಅಳು ನುಂಗಿದವ ಸೆರೆ ಅಂಗಡಿ ದಾರಿ ಹಿಡಿತಾನ. ಇನ್ನೊಂದು ಮಾತು: ಇಂಥ ಹಾಡಿನಾಗ ತಪ್ಪೆಲ್ಲ ಬಿಟ್ಟುಹೋದಾಕೆಯ ಮ್ಯಾಲೆ. ಯಾಕ ಹೋದಿ ಅಂತ ಆಕೆಯನ್ನು ಕೇಳುವವರಿಲ್ಲ. ಗಂಡನ ಕುಡಿತಕ್ಕೆ ಬೇಸತ್ತು ತವರಿಗೆ ಹೋದವರನ್ನು ನಮ್ಮ ಜತ್ತ ಕಡೆ ನಾವೂ ನೋಡೇವಿ.

ಮದುವಿ ಮನಿಯಾಗ ಹರೆಯದ ಹುಡುಗರು ಎದಿ ಒಡೆದ ಹಾಡು ಬೇಕು ಅಂತ ಹಟ ಹಿಡಿತಾರ. ಆಮ್ಯಾಲೆ ಕೆಲವರು ಕುಡಿಯಾಕ ಹೋಗತಾರ. ಅದಕ್ಕ ಹಾಡನ್ನೇ ಬಿಡಬೇಕೇನು? ಬಿಡಬಾರದು ಅಂತೀನಿ. ಗಂಡಸಿಗೂ ನಾಕು ಮಂದಿಯೊಳಗ ಅಳಾಕ ಹಾಡು ಜಾಗ ಕೊಡತೈತಿ. ಆದರೆ ಸೆರೆಯೇ ಮದ್ದು ಅಂತ ಹಾಡಬಾರದು. ಕುಡಿದರೂ ನೋವು ಹೋಗಲಿಲ್ಲ ಅನ್ನುವ ಮಾತನ್ನು ನುಂಗದೆ ಹಾಡಬೇಕು. ಆಕೆಯ ಪಾಡು ಏನು ಅಂತಲೂ ಒಂದು ನುಡಿ ಕಟ್ಟಿ ಸೇರಿಸಬೇಕು. ಸಾಲಿ ಮಾಸ್ತರರು ಹುಡುಗರಿಗೆ ಇದನ್ನು ಬಿಡಿಸಿ ಹೇಳಿದರೆ ನಮ್ಮಂಥ ಹಾಡುವವರ ಕೆಲಸ ಹಗುರಾಗತೈತಿ.