ಹಿತ್ತಲ ಕಾಯಕವೂ ಕೀಟದ ಪ್ರಾಣವೂ

ಗೃಹಸ್ಥನೊಬ್ಬನು ಮನೆಯ ಹಿತ್ತಲಲ್ಲಿ ಮೊದಲ ಬಾರಿಗೆ ಕಾಯಿಪಲ್ಯ ಬೆಳೆಯಲು ತೊಡಗುತ್ತಾನೆ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಎಡೆಯಲ್ಲಿ ಎರಡು ಮಡಿಗಳನ್ನು ಮಾಡಿ, ಒಂದರಲ್ಲಿ ಮೆಂತ್ಯ, ಹರಿವೆಗಳನ್ನೂ ಇನ್ನೊಂದರಲ್ಲಿ ಬೆಂಡೆಯನ್ನೂ ಬಿತ್ತುತ್ತಾನೆ. ಹೊಸಬನಿಗೆ ಇಷ್ಟೇ ಸಾಕು. ಸೊಪ್ಪು ಒಂದು ತಿಂಗಳಲ್ಲಿ ಕೈಗೆ ಬರುವುದು. ಬೆಂಡೆ ಸುಮಾರು 50 ದಿನಗಳಲ್ಲಿ ಕಾಯಿ ಬಿಡುವುದು. ಆದರೆ ಕಾಯಿ ಕಾಣುವ ಮೊದಲೇ ಎಲೆಯ ಅಡಿಯಲ್ಲಿ ಸಸ್ಯಹೇನು ಮುತ್ತುತ್ತದೆ. ಅಂಗಡಿಯ ವಿಷವನ್ನು ತಂದು ಸಿಂಪಡಿಸಿದರೆ ಲಿಂಗಕ್ಕೆ ಅರ್ಪಿಸುವ ಪದಾರ್ಥವು ಎಂಥದಾಯಿತು? ಸಿಂಪಡಿಸದಿದ್ದರೆ ಕಾಯಕವು ವ್ಯರ್ಥವಾಗದೆ?

ಪದಾರ್ಥವು ಲಿಂಗಾರ್ಪಿತವಾದೊಡನೆ ಪ್ರಸಾದವಾಗುವುದಷ್ಟೆ, ಅದು ಬೆಳೆದ ಬಗೆಯನ್ನು ವಿಚಾರಿಸುವುದೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಸತಿ ಲಕ್ಕಮ್ಮನು ಅದನ್ನು ಹಿಂದಿರುಗಿಸಿದ ವೃತ್ತಾಂತವು ಎಲ್ಲರಿಗೂ ತಿಳಿದುದೇ. ಆ ಅಕ್ಕಿಯೂ ದಾಸೋಹಕ್ಕೆ ಸಲ್ಲತಕ್ಕುದೇ ಆಗಿತ್ತು. ಆದರೂ ಆಕೆ ಒಪ್ಪಲಿಲ್ಲ. ಅರ್ಪಣವು ಅಶುದ್ಧವಾದ ಗಳಿಕೆಯನ್ನು ಮುಚ್ಚುವ ತೆರೆಯಲ್ಲ. ಪದಾರ್ಥವು ಬಂದ ದಾರಿಯೂ ಪದಾರ್ಥದ ಒಂದು ಅಂಶವೇ.

ಹಾಗಾದರೆ ಒಂದು ಹುಳುವನ್ನೂ ಕೊಲ್ಲಲಾಗದೆ? ಈ ಮಾತನ್ನು ನಿರ್ವಂಚನೆಯಿಂದ ನುಡಿಯಬೇಕು. ಗುದ್ದಲಿ ಹಾಕಿದಲ್ಲಿ ಎರೆಹುಳು ತುಂಡಾಗುತ್ತದೆ. ಕಳೆ ಕಿತ್ತಲ್ಲಿ ಜೀವ ಅಳಿಯುತ್ತದೆ. ಹಿಂಸೆಯಿಲ್ಲದ ಬೇಸಾಯವಿಲ್ಲ. ಆದರೆ ಅನಿವಾರ್ಯವಾದ ಹಿಂಸೆಗೂ ವಿವೇಕವಿಲ್ಲದ ಹಿಂಸೆಗೂ ಮಹದಂತರವುಂಟು. ವಿಷವು ಹೇನನ್ನು ಮಾತ್ರ ಕೊಲ್ಲುವುದಿಲ್ಲ. ಹೇನನ್ನು ತಿಂದು ಬದುಕುವ ಗುಲಗಂಜಿ ಹುಳುವನ್ನೂ, ಪಕ್ಕದ ಕುಂಬಳದ ಹೂವಿಗೆ ಪರಾಗ ಮುಟ್ಟಿಸುವ ಜೇನನ್ನೂ ಕೊಲ್ಲಬಲ್ಲುದು. ಅದು ಬೇಲಿಯನ್ನೂ ಅರಿಯದು. ದಕ್ಷಿಣ ಕನ್ನಡದ ಗೇರುತೋಟಗಳ ಮೇಲೆ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನಿನಿಂದ ಸುತ್ತಣ ಊರುಗಳ ಜನರು ರೋಗಪೀಡಿತರಾದರೆಂಬ ಮೊರೆ ಬಹುಕಾಲ ಕೇಳಿಬಂದಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ತನ್ನ ಬೆಳೆಗೆ ಕಾವಲು, ನೆರೆಯವನ ಮಗುವಿಗೆ ಕೇಡು ಎಂಬುದು ಕಾಯಕವೆನಿಸದು.

ಆದುದರಿಂದ ಸದ್ಭಕ್ತನು ಮೊದಲು ನೀರೆರಚಿ ಹೇನನ್ನು ತೊಳೆಯಲಿ. ತೀರ ಮುತ್ತಿದ ಎಲೆಯನ್ನು ಕಿತ್ತು ತೆಗೆಯಲಿ. ಅದಕ್ಕೂ ಮಣಿಯದಿದ್ದರೆ ಬೇವಿನ ಬೀಜದ ತಿರುಳನ್ನು ಕುಟ್ಟಿ, ಲೀಟರು ನೀರಿಗೆ 50 ಗ್ರಾಮಿನಂತೆ ಇರುಳೆಲ್ಲ ನೆನೆಸಿ ಸೋಸಿ, ಜೇನು ಗೂಡು ಸೇರಿದ ಸಂಜೆಯ ಹೊತ್ತಿನಲ್ಲಿ ಸಿಂಪಡಿಸಲಿ. ಗಿಡಕ್ಕೆ ಗೊಬ್ಬರವನ್ನೂ ಮಿತಿಮೀರಿ ಸುರಿಯಬಾರದು. ಸಾರಜನಕ ಹೆಚ್ಚಾಗಿ ಕೊಬ್ಬಿದ ಎಳೆಚಿಗುರೇ ಹೇನಿಗೆ ಹಬ್ಬ. ಒಣಗಿದ ಎಲೆ ಮೂರು ಪಾಲು, ಅಡಿಗೆಮನೆಯ ಸಿಪ್ಪೆ ಒಂದು ಪಾಲು, ನಡುನಡುವೆ ಸಗಣಿನೀರು. ತೇವ ಆರದಂತೆ ಕಾಯ್ದು ಆಗಾಗ ಮಗುಚಿದರೆ ಕೆಲವು ತಿಂಗಳಲ್ಲಿ ಒಳ್ಳೆಯ ಗೊಬ್ಬರವಾಗುವುದು. ಮಣ್ಣು ಕೊಟ್ಟುದನ್ನು ಮಣ್ಣಿಗೆ ಸಲ್ಲಿಸುವುದೂ ಒಂದು ದಾಸೋಹವೇ.

ಇಷ್ಟಾದರೂ ಕೆಲವು ಕಾಯಿ ಹುಳುವಿನ ಪಾಲಾಗುವುವು. ಆ ನಷ್ಟವನ್ನು ಸಹಿಸಲಾರದ ಮನಸ್ಸು ಬಳ್ಳ ತುಂಬುವುದನ್ನಷ್ಟೇ ಬಯಸಿತ್ತು, ಕಾಯಕವನ್ನಲ್ಲ. ತೂತು ಬಿದ್ದ ಸೊಪ್ಪನ್ನು ಲಿಂಗದ ಮುಂದಿಡಲು ನಾಚುವ ಗೃಹಸ್ಥನು, ವಿಷ ಸೋಂಕಿದ ನುಣುಪಾದ ಸೊಪ್ಪನ್ನು ಇಡಲು ಅದೆಷ್ಟು ನಾಚಬೇಕು!