ಕಡ್ಡಾಯ ಯಾರಿಗೆ?

(ಮಂಡ್ಯ ಜಿಲ್ಲೆಯ ಒಂದು ಕೃಷಿ ಪತ್ತಿನ ಸಹಕಾರ ಸಂಘ. ಸಹಕಾರ ಸಂಘದ ಸದಸ್ಯರ ಯಶಸ್ವಿನಿ ಆರೋಗ್ಯ ಯೋಜನೆಗೆ ನೋಂದಣಿಯ ಕೊನೆಯ ದಿನಗಳು. ನಿಂಗೇಗೌಡರು ಸಂಘದ ನಿವೃತ್ತ ಕಾರ್ಯದರ್ಶಿ. ಗೌರಿ ಅವರ ತಂಗಿಯ ಮಗಳು, ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಸಂಬಳದ ಲೆಕ್ಕ ನೋಡುವವಳು. ತಾಲ್ಲೂಕು ಕೇಂದ್ರದಲ್ಲಿ ನರ್ಸಿಂಗ್ ಹೋಂ ನಡೆಸುವ ಡಾಕ್ಟರೊಬ್ಬರು ತೋಟದ ಸಾಲದ ಕಾಗದಕ್ಕೆಂದು ಬಂದು ಕೂತಿದ್ದಾರೆ.)

ನಿಂಗೇಗೌಡ: 2003ರಲ್ಲಿ ಯಶಸ್ವಿನಿ ಶುರುವಾದಾಗ ತಲೆಗೆ ತಿಂಗಳಿಗೆ ಐದು ರೂಪಾಯಿ ಕಣಮ್ಮ. ವರ್ಷಕ್ಕೆ 60. ಹಾರ್ಟ್ ಡಾಕ್ಟರು ದೇವಿ ಶೆಟ್ಟಿಯವರ ಯೋಚನೆ, ಸಹಕಾರ ಇಲಾಖೆಯ ಓಡಾಟ. ಬೀಡಿ ಕಾಸಲ್ಲಿ ಹಾರ್ಟ್ ಆಪರೇಷನ್. ಯಾರಿಗೂ ಬಲವಂತ ಇರ್ಲಿಲ್ಲ. ಬೇಕಾದೋನು ಕಟ್ಟಿದ, ಬೇಡದೋನು ಬಿಟ್ಟ. ನಿಮ್ಮ ಫ್ಯಾಕ್ಟರಿ ವಿಮೆ ಇಎಸ್‌ಐ ಹಂಗಲ್ಲ. ಕೇಳೋದೇ ಇಲ್ಲ, ಮುರ್ಕೊಳ್ಳೋದೇ.

ಗೌರಿ: ಬಲವಂತ ಇರ್ಲಿಲ್ವಾ ಮಾವ? ಬೆಳೆಸಾಲ ಕೊಡೋ ದಿನ ಅರವತ್ತು ಮುರ್ಕೊಂಡು ಮಿಕ್ಕಿದ್ದನ್ನ ಎಣಿಸಿ ಕೊಡ್ತಿದ್ದೋರು ಯಾರು?

ನಿಂಗೇಗೌಡ: (ನಕ್ಕು) ಮೇಲಿಂದ ಗುರಿ ಕೊಟ್ಟಿರ್ತಿದ್ರು. ಇಷ್ಟು ಜನರನ್ನ ಸೇರಿಸ್ಲೇಬೇಕು ಅಂತ.

ಗೌರಿ: ಗುರಿ ಯಾಕೆ ಬೇಕಾಯ್ತು? ಇಷ್ಟ ಇದ್ದೋರು ಸೇರ್ಲಿ ಅಂತ ಬಿಟ್ರೆ ಮೊದಲು ಬರೋನು ಆಪರೇಷನ್‌ಗೆ ದಿನ ಗೊತ್ತಾಗಿರೋನು. ಗಟ್ಟಿಮುಟ್ಟಾಗಿರೋನು ಮುಂದಿನ ವರ್ಷ ನೋಡೋಣ ಅಂತಾನೆ. ಕಾಯಿಲೆಯೋರೇ ತುಂಬಿದ ಮೇಲೆ ಕಂತು ಏರ್ತದೆ, ಏರಿದ್ದು ನೋಡಿ ಇನ್ನಷ್ಟು ಜನ ಬಿಟ್ಟುಹೋಗ್ತಾರೆ. 60 ಇದ್ದದ್ದು ಈಗ 500.

ನಿಂಗೇಗೌಡ: ಲೆಕ್ಕದೋಳು ಲೆಕ್ಕ ತಪ್ಪಬಾರದು. 60 ಒಂದು ತಲೆಗೆ. 500 ಹಳ್ಳಿ ಕಡೆ ನಾಲ್ಕು ಜನರ ಮನೆಗೆ. ಐದು ಲಕ್ಷದವರೆಗೂ ಆಸ್ಪತ್ರೆ ಖರ್ಚು. ಎಷ್ಟು ಏರಿದಂಗಾಯ್ತು?

ಗೌರಿ: ಅಷ್ಟು ಕಮ್ಮಿಗೆ ನಡೀತಿರೋದು ಹೇಗೆ ಮತ್ತೆ? ಕೊರತೆ ತುಂಬೋದು ಸರ್ಕಾರ. ಸರ್ಕಾರದ ದುಡ್ಡು ಅಂದ್ರೆ ತೆರಿಗೆ. ತೆರಿಗೆಯನ್ನ ಬೇಕಾದೋನು ಕಟ್ಟಿ ಬೇಡದೋನು ಬಿಡ್ತಾನಾ? ಬಲವಂತ ಹಿಂಬಾಗಿಲಲ್ಲಿ ಬಂದಿದೆ, ಅಷ್ಟೇ. ಇಎಸ್‌ಐ ಮುಂಬಾಗಿಲಲ್ಲೇ ಬರ್ತದೆ. 1948ರಲ್ಲೇ ಕಾನೂನಾಗಿ ಬಂದದ್ದು. ನೂರು ರೂಪಾಯಿ ಸಂಬಳಕ್ಕೆ ನನ್ನ ಕೈಯಿಂದ 75 ಪೈಸೆ, ಮಾಲೀಕರಿಂದ ಮೂರೂಕಾಲು. ನಿಂಗೆ ವಯಸ್ಸೆಷ್ಟು, ಶುಗರ್ ಇದೆಯಾ ಅಂತ ಯಾರೂ ಕೇಳಲ್ಲ. ಎಲ್ಲರನ್ನೂ ಎಳ್ಕೊಂಡಿದ್ದಕ್ಕೇ ಯಾರನ್ನೂ ಹೊರಗೆ ಹಾಕೋ ಅಗತ್ಯ ಬೀಳ್ಲಿಲ್ಲ.

ನಿಂಗೇಗೌಡ: ಇರ್ಲಿ. ಆದ್ರೂ ಒಂದು ಮಾತು. 'ನಾನು ಕಟ್ಟಲ್ಲ, ಬಂದ್ರೆ ಬರ್ಲಿ, ಸತ್ರೆ ಸಾಯ್ತೀನಿ' ಅನ್ನೋನೊಬ್ಬ ಇದ್ದಾನೆ. ಜೀವ ಅವನದು, ದುಡ್ಡು ಅವನದು. ಅವನ ಕೈ ಹಿಡಿದು ಕಟ್ಟಿಸೋಕೆ ಸರ್ಕಾರ ಯಾರು?

ಗೌರಿ: ಸತ್ರೆ ಸಾಯ್ತೀನಿ ಅಂದೋನನ್ನ ನೀವು ಸಾಯೋಕೆ ಬಿಡ್ತೀರಾ? ಎದೆನೋವು ಅಂದ ರಾತ್ರಿ ಕಾರು ಮಾಡ್ಕೊಂಡು ಮೈಸೂರಿಗೆ ಓಡೋರಲ್ಲಿ ನೀವೇ ಮೊದಲು. ಹೆಂಡ್ತಿ ಸರ ಗಿರವಿಗೆ ಹೋಗ್ತದೆ. ತಮ್ಮ ಹಸು ಮಾರ್ತಾನೆ. ಕಂತು ಬೇಡ ಅಂದೋನು ಅವನು, ಬಿಲ್ಲು ಬಂದಿದ್ದು ಇವರಿಗೆ. ಇವರನ್ನ ಯಾರು ಒಪ್ಪಿಗೆ ಕೇಳಿದ್ರು?

ನಿಂಗೇಗೌಡ: ಅದು ಸಂಬಂಧ ಕಣಮ್ಮ. ಸಂಬಂಧಕ್ಕೆ ಮಾಡೋದನ್ನ ಬಲವಂತ ಅಂತಾರಾ?

ಗೌರಿ: ಹಸು ಮಾರಿದ ತಮ್ಮನನ್ನ ಒಂಟಿಯಾಗಿ ಕರೆದು ಕೇಳಿ.

ನಿಂಗೇಗೌಡ: (ಸ್ವಲ್ಪ ತಡೆದು) ಅರ್ಧ ಒಪ್ಪಿದೆ. ಇನ್ನರ್ಧಕ್ಕೆ ನೀನು ಉತ್ತರ ಕೊಡು. ಬಲವಂತದಿಂದ ಈಸ್ಕೊಂಡೋನು ಬಲವಂತದಿಂದ ಕೊಡಬೇಕಲ್ವಾ? ನಿಮ್ಮ ಹೆಣ್ಮಕ್ಕಳು ಒಂದು ಜ್ವರಕ್ಕೆ ಡಿಸ್ಪೆನ್ಸರಿ ಸಾಲಲ್ಲಿ ಅರ್ಧ ದಿನ ನಿಂತು, ಸಂಬಳ ಕಳ್ಕೊಂಡು, ಕೊನೆಗೆ ಪಕ್ಕದ ಕ್ಲಿನಿಕ್ಕಿಗೆ ದುಡ್ಡು ಕೊಟ್ಟು ಬರ್ತಾರೆ ಅಂತ ನೀನೇ ಹೇಳಿದ್ದೆ. ಸಂಬಳ 21,000 ದಾಟಿದ್ರೆ?

ಗೌರಿ: ಆಗ ನಡೀತಿರೋ ಆರು ತಿಂಗಳ ಕಂತಿನ ಅವಧಿ ಮುಗಿದ ಮೇಲೆ ಮುರ್ಕೊಳ್ಳೋದು ನಿಲ್ತದೆ, ಕೆಲವು ತಿಂಗಳಿಗೆ ಇಎಸ್‌ಐ ಸೌಲಭ್ಯವೂ ಹೋಗ್ತದೆ. ಇನ್‌ಕ್ರಿಮೆಂಟ್ ಬೇಡ ಅಂತ ಬಂದು ಕೂರೋರೂ ಇದ್ದಾರೆ, ಮನೇಲಿ ಡಯಾಲಿಸಿಸ್ ನಡೀತಿದ್ರೆ.

ನಿಂಗೇಗೌಡ: ಕಡ್ಡಾಯ ಅಂದ್ರೆ ಎರಡೂ ಕಡೆಗಿರಬೇಕು. ಇದು ಕಟ್ಟೋನಿಗೆ ಮಾತ್ರ ಕಡ್ಡಾಯ. ಏನಂತೀರಿ ಡಾಕ್ಟ್ರೇ? ಆಗಲಿಂದ ಸುಮ್ಮನೆ ಕೂತಿದ್ದೀರಿ.

ಡಾಕ್ಟರ್: ನೀವಿಬ್ಬರೂ ನನ್ನ ಹತ್ತಿರವೇ ಬರ್ತಿದ್ದೀರಿ ಅಂತ ಗೊತ್ತಿತ್ತು ಗೌಡರೇ. ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ ಐದು ಲಕ್ಷ. ಎಪಿಎಲ್‌ನವರಿಗೆ ಪ್ಯಾಕೇಜ್ ದರದಲ್ಲಿ ಸರ್ಕಾರ ಕೊಡೋದು ಶೇಕಡ 30, ಮಿಕ್ಕ 70 ಅವರದೇ. ಆ ಪ್ಯಾಕೇಜ್ ದರ ಕಟ್ಟುವವರು ವಿಧಾನಸೌಧದ ಸುತ್ತಮುತ್ತ ಕೂತಿರ್ತಾರೆ. ದುಡ್ಡು ಕೈಸೇರುವಷ್ಟರಲ್ಲಿ ನಾನು ಆಕ್ಸಿಜನ್‌ನವನಿಗೆ ಎರಡು ಸಲ ಸಮಾಧಾನ ಹೇಳಿರ್ತೀನಿ. ನಷ್ಟ ಎಲ್ಲಿ ತುಂಬಿಕೊಳ್ಳಲಿ? ಕಾರ್ಡಿಲ್ಲದೆ ನಗದು ಹಿಡಿದು ಬಂದವನಲ್ಲಿ.

ಗೌರಿ: ಅಂದ್ರೆ ಯೋಜನೆಯೊಳಗಿನ ದರ ಕಟ್ಟಿದಷ್ಟೂ ಹೊರಗಿನವನ ಬಿಲ್ಲು ಊದ್ತದೆ.

ಡಾಕ್ಟರ್: ಒಡೆದು ಹೇಳಿದರೆ ಹಾಗೆ.

ಗೌರಿ: ಹೊರಗಿನವನಿಗೂ ದರ ಕಟ್ಟೋಣ ಅಂತ 2017ರಲ್ಲಿ ಮಸೂದೆ ತಂದಾಗ ನೀವೆಲ್ಲ ಆಸ್ಪತ್ರೆ ಮುಚ್ಚಿ ಕೂತ್ರಿ.

ಡಾಕ್ಟರ್: ಪ್ರತಿಭಟನೆಗೆ ಬೆಳಗಾವಿಗೂ ಹೋಗಿದ್ದೆ. ಜೈಲಿಗೆ ಹಾಕ್ತೀವಿ ಅಂತಲೂ ಅದರಲ್ಲಿತ್ತಮ್ಮ, ಅದನ್ನು ಮರೀಬೇಡ. ಆದರೆ ದರದ ಮಾತು ಸುಳ್ಳು ಅಂತ ನಾನು ಹೇಳಲ್ಲ. ಅದೇ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸ್ಟೆಂಟಿಗೆ ದರ ಕಟ್ಟಿತು. ಲಕ್ಷ ದಾಟುತ್ತಿದ್ದ ಔಷಧ ಲೇಪಿತ ಸ್ಟೆಂಟು 29,600ಕ್ಕೆ ಇಳಿಯಿತು.

ನಿಂಗೇಗೌಡ: ಸ್ಟೆಂಟ್ ಹಾಕೋದು ನಿಂತ್ಹೋಯ್ತಾ?

ಡಾಕ್ಟರ್: ಇಲ್ಲ.

ನಿಂಗೇಗೌಡ: ಬಿಲ್ಲೂ ಅಷ್ಟೇ ಇಳೀತಾ?

ಡಾಕ್ಟರ್: ಬಿಲ್ಲಿನಲ್ಲಿ ಬೇರೆ ಸಾಲುಗಳೂ ಇರ್ತವಲ್ಲ ಗೌಡರೇ.

ಗೌರಿ: ಒಂದು ಸಾಲಿಗೆ ಮಾತ್ರ ಕಟ್ಟು ಹಾಕಿದ್ರೆ ಹಂಗೇ ಆಗೋದು.

ಡಾಕ್ಟರ್: ನನ್ನ ಮಗ ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದಾನೆ. 2010ರಲ್ಲಿ ಆ ದೇಶ ಎಲ್ಲರೂ ವಿಮೆ ಮಾಡಿಸಲೇಬೇಕು ಅಂತ ಕಾನೂನು ಮಾಡಿತು. ಮಾಡಿಸದವರಿಗೆ ದಂಡ. ನಿನ್ನ ವಾದವೇ ಅಲ್ಲಿಯೂ: ಗಟ್ಟಿಗರು ಒಳಗೆ ಬರದೆ ರೋಗಿಗಳನ್ನು ಹೊರಲಾಗದು. ಸುಪ್ರೀಂ ಕೋರ್ಟಿನವರೆಗೂ ಜಗಳ ಹೋಯಿತು. ಕೊನೆಗೆ 2019ರಿಂದ ಆ ದಂಡವನ್ನು ಸೊನ್ನೆ ಮಾಡಿದರು. ಇಷ್ಟೆಲ್ಲ ಆದರೂ ಆಸ್ಪತ್ರೆ ದರ ಹೆಚ್ಚಿನ ಕಡೆ ಹಾಗೇ ಉಳಿಯಿತು. ಆದರೆ ಮಗ ಇರುವ ಮೇರಿಲ್ಯಾಂಡ್ ರಾಜ್ಯದಲ್ಲಿ 1970ರ ದಶಕದಿಂದಲೇ ಒಂದು ಆಯೋಗ ಆಸ್ಪತ್ರೆಯ ದರ ನಿಗದಿ ಮಾಡ್ತಿದೆ. ಒಂದು ಆಸ್ಪತ್ರೆಯಲ್ಲಿ ಸರ್ಕಾರಿ ವಿಮೆಯವನಿಗೂ ಖಾಸಗಿ ವಿಮೆಯವನಿಗೂ ಹೆಚ್ಚುಕಮ್ಮಿ ಒಂದೇ ದರಪಟ್ಟಿ.

ಗೌರಿ: ಡಾಕ್ಟರುಗಳು ಊರು ಬಿಟ್ಟು ಹೋದ್ರಾ?

ಡಾಕ್ಟರ್: ಅಲ್ಲಿ ಆಸ್ಪತ್ರೆ ಆಸ್ಪತ್ರೆಯ ಖರ್ಚು ನೋಡಿ ದರ ಕಟ್ಟುತ್ತಾರೆ. ಇಲ್ಲಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗೂ ನನ್ನ ಇಪ್ಪತ್ತು ಹಾಸಿಗೆಗೂ ಒಂದೇ ಅಳತೆಗೋಲು ಹಿಡಿದರೆ ನಾನು ಬಾಗಿಲು ಹಾಕ್ತೀನಿ. ದರ ನನ್ನನ್ನು ಕಟ್ಟಿಹಾಕಲಿ, ಒಪ್ಪಿದೆ. ಸರ್ಕಾರವೂ ಗಡುವಿಗೆ ಕಟ್ಟುಬೀಳಲಿ. ಇಷ್ಟು ದಿನದೊಳಗೆ ದುಡ್ಡು ಕೊಡದಿದ್ದರೆ ಬಡ್ಡಿ.

ನಿಂಗೇಗೌಡ: ಅದು ನ್ಯಾಯ. ನಮ್ಮ ಸಂಘದಲ್ಲಿ ಕಂತು ತಪ್ಪಿದ ರೈತನಿಗೆ ಬಡ್ಡಿ ಹಾಕಲ್ವಾ? ಇನ್ನೊಂದು ಕೇಳ್ತೀನಿ. ಸಣ್ಣದು. ನಮ್ಮ ಮನೇಲಿ ಆಸ್ಪತ್ರೆಗೆ ಮಲಗೋದು ಯಾವಾಗಲೋ ಒಂದ್ಸಲ. ಬಿಪಿ ಮಾತ್ರೆ, ಶುಗರ್ ಮಾತ್ರೆ ತಿಂಗಳು ತಿಂಗಳೂ. ಯಶಸ್ವಿನಿಗೆ ಅದು ಕಾಣಲ್ಲ, ಐದು ಲಕ್ಷದ ಕಾರ್ಡಿಗೂ ಕಾಣಲ್ಲ.

ಡಾಕ್ಟರ್: ಕೇಂದ್ರದ ಲೆಕ್ಕದಲ್ಲಿ, ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಹಾಕುವ ಪಾಲು 2013-14ರಲ್ಲಿ ಶೇಕಡ 64.2 ಇತ್ತು, 2021-22ಕ್ಕೆ 39.4 ಆಗಿದೆ. ಉಳಿದ ಆ ಪಾಲಿನಲ್ಲಿ ನಿಮ್ಮ ಮಾತ್ರೆಯದೇ ದೊಡ್ಡ ಭಾಗ.

ಗೌರಿ: ಇಎಸ್‌ಐನಲ್ಲಿ ಮಾತ್ರೆ ಸಿಕ್ತದೆ ಮಾವ. ಸಾಲಲ್ಲಿ ನಿಲ್ಲಬೇಕು, ಆದ್ರೆ ಸಿಕ್ತದೆ. ಕಡ್ಡಾಯದ ದುಡ್ಡು ಪ್ರತಿ ತಿಂಗಳೂ ಬರೋದ್ರಿಂದ ಪ್ರತಿ ತಿಂಗಳ ಕಾಯಿಲೆ ನೋಡೋಕೆ ಆಗ್ತದೆ.

ನಿಂಗೇಗೌಡ: ನೀನು ಗೆದ್ದೆ ಅಂತ ನಾನು ಹೇಳಲ್ಲ.

ಗೌರಿ: ಬೇಡ ಬಿಡಿ. ಡಾಕ್ಟ್ರೇ, ಆ 2017ರ ಕಾನೂನಲ್ಲಿ ದರಪಟ್ಟಿ ಹಾಕಬೇಕು ಅನ್ನೋದು ಉಳ್ಕೊಂಡಿದೆ ಅಲ್ವಾ? ನಿಮ್ಮ ಗೋಡೆ ಮೇಲಿದೆಯಾ?

ಡಾಕ್ಟರ್: ಇದೆ. ಕನ್ಸಲ್ಟೇಷನ್, ಡ್ರೆಸ್ಸಿಂಗ್, ಇಸಿಜಿ.

ಗೌರಿ: ಆಪರೇಷನ್?

ಡಾಕ್ಟರ್: ಅದು ರೋಗಿಯಿಂದ ರೋಗಿಗೆ ಬದಲಾಗುತ್ತಮ್ಮ.

ನಿಂಗೇಗೌಡ: ಹರ್ನಿಯಾಗೆ ಎಷ್ಟು? ಇಲ್ಲೇ ಹೇಳಿ. ಹೊರಗೆ ನೋಂದಣಿಗೆ ಬಂದಿರೋರಲ್ಲಿ ಇಬ್ಬರಿಗೆ ಬೇಕಾಗಿದೆ.

ಡಾಕ್ಟರ್: ಯಾವ ಮೆಶ್ ಹಾಕ್ತೀವಿ ಅನ್ನೋದರ ಮೇಲೆ ಹೋಗುತ್ತೆ.

ಗೌರಿ: ಎಷ್ಟು ಥರ ಇದೆ?

ಡಾಕ್ಟರ್: ನಾನು ಹಾಕೋದು ಎರಡು ಥರ.

ಗೌರಿ: ಎರಡೂ ಬರೀರಿ. ಪೆನ್ನು ತಗೊಳ್ಳಿ.